ಹಲ್ಲಿನ ಕಂದು ಗೆರೆ ನಿಮ್ಮ ತಪ್ಪಲ್ಲ

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಹಳ್ಳಿಯವಳು. 26 ವರ್ಷ, ಊರಿನ ಶಾಲೆಯಲ್ಲೇ ಟೀಚರ್. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗಿನಿಂದಲೂ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೊನ್ನೆ ಎರಡನೇ ಕ್ಲಾಸಿನ ಹುಡುಗನೊಬ್ಬ ‘ಮಿಸ್, ನೀವು ಹಲ್ಲುಜ್ಜಲ್ವಾ?’ ಎಂದ. ಮದುವೆಗೆ ಮೂರು ತಿಂಗಳಿದೆ. ನಿಂಬೆರಸ, ಅಡುಗೆ ಸೋಡಾ ಹಾಕಿ ತಿಕ್ಕಿದೆ. ಈಗ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ಆನ್‌ಲೈನ್‌ನಲ್ಲಿ ಸಿಗುವ, ಹಲ್ಲು ಬಿಳಿ ಮಾಡುವ ಕಿಟ್ ತರಿಸಲೇ, ಡಾಕ್ಟರ ಹತ್ತಿರ ಹೋಗಲೇ? ತಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅಮ್ಮ ಕೊರಗುತ್ತಾರೆ.

ಉತ್ತರ: ಆ ಮಗುವಿನ ಮಾತು ನಿಮಗೆ ಎಷ್ಟು ಚುಚ್ಚಿರಬೇಕು ಎಂಬುದು ಅರ್ಥವಾಗುತ್ತದೆ. ದಿನಕ್ಕೆ ಎರಡು ಸಲ ಹಲ್ಲುಜ್ಜುವವರನ್ನು ಕೊಳಕರೆಂದುಕೊಂಡರೆ ನೋವಾಗದೆ ಇರುತ್ತದೆಯೇ? ಮದುವೆಯ ದಿನ ಮನಬಿಚ್ಚಿ ನಗಬೇಕೆಂಬ ಆಸೆಯೂ ಸಹಜವೇ. ಅದಕ್ಕೆ ನಾಚಿಕೆಪಡಬೇಡಿ.

ಹಲ್ಲನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನಿಮ್ಮ ಊರು, ನೀವು ಹೇಳಿದ ಗೆರೆಗಳು, ಅವು ಬಂದ ವಯಸ್ಸು ಮೂರನ್ನೂ ಸೇರಿಸಿ ನೋಡಿದರೆ ಇದು ಫ್ಲೋರೋಸಿಸ್ ಇರಬಹುದು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಆಳದ ಕೊಳವೆಬಾವಿಯ ನೀರಿಗೆ ಬಂಡೆಯೊಳಗಿನ ಫ್ಲೋರೈಡ್ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿಯುತ್ತಾ ಬಂದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲ್ಪದರವಾದ ಎನಾಮೆಲ್ಲೇ ಕೆಡಬಹುದು. ಬಟ್ಟೆಗೆ ಮೇಲಿಂದ ಮೆತ್ತಿದ ಕೊಳೆಯಲ್ಲ ಇದು, ನೇಯುವಾಗಲೇ ನೂಲಿಗೆ ಸೇರಿಕೊಂಡ ಬಣ್ಣ. ಹಾಗಾಗಿ ಬ್ರಷ್ಷಿಗೆ ಇದು ಸಿಗುವುದಿಲ್ಲ. ಫ್ಲೋರೈಡ್ ಇರುವ ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಕುದಿಸಿ ಆರಿಸಿದರೂ ಅದು ಹೋಗುವುದಿಲ್ಲ. ನಿಮ್ಮ ಅಮ್ಮನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನಿಂಬೆರಸ, ಸೋಡಾ ಎರಡನ್ನೂ ಇವತ್ತೇ ಬಿಡಿ. ನಿಂಬೆಯ ಹುಳಿ ಎನಾಮೆಲನ್ನು ಕರಗಿಸುತ್ತದೆ, ತಿಕ್ಕಿದರೆ ಅದು ಇನ್ನಷ್ಟು ಸವೆಯುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಇದ್ದಿಲು ಪುಡಿ, ಇಟ್ಟಿಗೆ ಪುಡಿ ಬಳಸುವವರಿಗೂ ಇದೇ ಮಾತು. ಸದ್ಯಕ್ಕೆ ಮೃದುವಾದ ಬ್ರಷ್, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಸಾಕು. ಜುಮ್ಮೆನ್ನುವುದು ನಿಧಾನವಾಗಿ ತಗ್ಗುತ್ತದೆ. ಕಿಟ್ ಈಗ ಬೇಡ. ಅದರಲ್ಲಿ ಬರುವ, ಎಲ್ಲರಿಗೂ ಒಂದೇ ಅಳತೆಯ ಟ್ರೇಯಿಂದ ಜೆಲ್ ಒಸಡಿಗೆ ಸೋರಿ ಸುಡಬಹುದು. ಹುಳುಕು ಹಲ್ಲು ಇದೆಯೇ ಎಂದು ಮೊದಲು ನೋಡುವವರೂ ಅಲ್ಲಿ ಇರುವುದಿಲ್ಲ.

ದಂತವೈದ್ಯರು ಮೊದಲು ಹಲ್ಲು ಕ್ಲೀನ್ ಮಾಡಿ ಕಲೆ ಎಂಥದ್ದೆಂದು ನೋಡುತ್ತಾರೆ. ಹಲ್ಲನ್ನು ಬಿಳಿಯಾಗಿಸುವ ಬ್ಲೀಚಿಂಗ್‌ನಲ್ಲಿ ಎರಡು ಬಗೆ. ಕ್ಲಿನಿಕ್ಕಿನಲ್ಲಾದರೆ ಒಸಡಿಗೆ ರಕ್ಷಣೆಯ ಲೇಪ ಹಚ್ಚಿ, ಗಟ್ಟಿ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ಲನ್ನು ಹಲ್ಲಿಗೆ ಹಚ್ಚುತ್ತಾರೆ. ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ. ಮನೆಯಲ್ಲಾದರೆ ನಿಮ್ಮ ಹಲ್ಲಿನ ಅಚ್ಚು ತೆಗೆದು ತೆಳುವಾದ ಟ್ರೇ ಮಾಡಿಕೊಡುತ್ತಾರೆ. ಸಾಮಾನ್ಯವಾಗಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಅದಕ್ಕೆ ಹಾಕಿ, ಅವರು ಹೇಳಿದಷ್ಟು ಹೊತ್ತು ಎರಡು ವಾರದಷ್ಟು ಹಾಕಿಕೊಳ್ಳಬೇಕು. ನಿಧಾನವಾದರೂ ಇದು ಸೌಮ್ಯ. ಈಗಾಗಲೇ ಜುಮ್ಮೆನ್ನುತ್ತಿರುವ ನಿಮ್ಮ ಹಲ್ಲಿಗೆ ಇದೇ ವಾಸಿ ಎಂದು ನನಗನ್ನಿಸುತ್ತದೆ, ಆದರೆ ತೀರ್ಮಾನ ವೈದ್ಯರದು.

ಒಂದು ಮಾತು ಮೊದಲೇ ಗೊತ್ತಿರಲಿ. ಹಳದಿ ಹಲ್ಲಿಗೆ ಕೊಡುವಷ್ಟು ಚೆನ್ನಾದ ಫಲವನ್ನು ಬ್ಲೀಚಿಂಗ್ ಫ್ಲೋರೋಸಿಸ್‌ಗೆ ಕೊಡುವುದಿಲ್ಲ. ಕಂದು ತಿಳಿಯಾಗಬಹುದು, ಪೂರ್ತಿ ಹೋಗದಿರಬಹುದು. ಬಿಳಿ ಮಚ್ಚೆಗಳು ಮೊದಮೊದಲು ಎದ್ದು ಕಾಣಬಹುದು. ಮೇಲಿನ ತೆಳುಪದರವನ್ನು ಸ್ವಲ್ಪವೇ ಉಜ್ಜಿ ತೆಗೆಯುವುದು, ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚುವುದು ಕೂಡ ದಾರಿಗಳೇ. ಕ್ಯಾಪ್, ಫಿಲ್ಲಿಂಗ್ ಇದ್ದರೆ ಬ್ಲೀಚಿಂಗ್‌ನಿಂದ ಅವುಗಳ ಬಣ್ಣ ಬದಲಾಗುವುದಿಲ್ಲ. ‘ನನ್ನ ಕಲೆಗೆ ಎಷ್ಟು ಫಲ ನಿರೀಕ್ಷಿಸಬಹುದು, ಎಷ್ಟು ಖರ್ಚು, ಎಷ್ಟು ದಿನ ಉಳಿಯುತ್ತದೆ?’ ಎಂದು ನೇರವಾಗಿ ಕೇಳಿ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಓದುವ ಇತರರಿಗೂ ಹೇಳುತ್ತೇನೆ: ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಬ್ಲೀಚಿಂಗನ್ನು ಮುಂದೂಡುವುದು ಒಳ್ಳೆಯದು. ಹದಿನೆಂಟು ತುಂಬದ ಮಕ್ಕಳಿಗೂ ಬೇಡ.

ಇನ್ನು ಆ ಹುಡುಗನ ವಿಷಯ. ಅವನು ಅಣಕಿಸಲಿಲ್ಲ, ಕೇಳಿದ ಅಷ್ಟೆ. ನಿಮ್ಮ ತರಗತಿಯಲ್ಲೇ ಇಂಥ ಗೆರೆ ಇರುವ ಮಕ್ಕಳಿರಬಹುದು. ಮಿಸ್ ಬಾಯಿಗೆ ಕೈ ಅಡ್ಡ ಹಿಡಿದರೆ ಅದನ್ನು ನೋಡಿ ಅವರೂ ಅದನ್ನೇ ಕಲಿಯುತ್ತಾರೆ. ಇದು ಫ್ಲೋರೋಸಿಸ್ ಎಂದು ವೈದ್ಯರು ಹೇಳಿದರೆ, ‘ಉಜ್ಜುತ್ತೀನಿ ಪುಟ್ಟಾ, ಇದು ನಾವು ಕುಡಿದ ನೀರಿಂದ ಆಗಿದ್ದು’ ಎಂದು ಹೇಳಿಬಿಡಿ. ಊರಿನ ಶುದ್ಧ ನೀರಿನ ಘಟಕದಿಂದಲೇ ಕುಡಿಯುವ ನೀರು ತರಲು ಅವರ ಮನೆಯವರಿಗೂ ತಿಳಿಸಿ. ಚಿಕ್ಕ ಮಕ್ಕಳ ಹಲ್ಲು ಇನ್ನೂ ಉಳಿಯುತ್ತದೆ.

ಮದುವೆಯಾಗುವ ಹುಡುಗನ ಹತ್ತಿರವೂ ಒಮ್ಮೆ ಮಾತಾಡಿ. ಅವರು ನಿಮ್ಮನ್ನು ನೋಡಿಯೇ ಒಪ್ಪಿದ್ದಾರಲ್ಲವೇ? ಚಿಕಿತ್ಸೆಯ ನಂತರವೂ ಕನ್ನಡಿ ನೋಡಲು, ನಾಲ್ಕು ಜನರ ನಡುವೆ ಹೋಗಲು ಮನಸ್ಸಾಗದಿದ್ದರೆ, ನಿದ್ದೆ ಕೆಟ್ಟರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೂರು ತಿಂಗಳು ಸಾಕಷ್ಟು ಸಮಯ, ಆದರೂ ಈ ವಾರವೇ ವೈದ್ಯರನ್ನು ಕಾಣಿ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಈ ಗೆರೆಗಳು ಹೇಗೆ ಬಂದವು ಎಂಬುದನ್ನು ಅವರು ಡಾಕ್ಟರ ಬಾಯಿಂದಲೇ ಕೇಳಲಿ.