ಮೊದಲು ಆಟ ನೋಡಿ, ಆಮೇಲೆ ಚಿಪ್

ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲಿ ಆಡಬೇಕೆಂದು ನೀವು ಹೆಸರಿಸಿರುವ ಆಟಗಳೆಲ್ಲ ಸೂಪರ್ ನಿಂಟೆಂಡೊ, ಗೇಮ್‌ಬಾಯ್ ಅಡ್ವಾನ್ಸ್, ಮೊದಲ ಪ್ಲೇಸ್ಟೇಷನ್ ಕಾಲದವು. ಇವುಗಳಿಗಾಗಿ ಭಾರೀ ಚಿಪ್‌ಗೆ ದುಡ್ಡು ಸುರಿಯಬೇಡಿ. ಪರದೆ ಮತ್ತು ಗುಂಡಿಗಳನ್ನು ನೋಡಿ ಕೊಳ್ಳಿ. ಟೀವಿಗೆ ಜೋಡಿಸಿ ಆಡುತ್ತಿದ್ದ ಆ ಆಟಗಳು 4:3 ಚೌಕಟ್ಟಿಗೆಂದೇ ಬರೆದವು. ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಎಂಬ ಯಂತ್ರಗಳೆರಡರಲ್ಲೂ ಅದೇ ಅನುಪಾತದ 3.5 ಇಂಚಿನ, 640×480 ಪರದೆಯಿದೆ. ಅಗಲ ಪರದೆಯ ಯಂತ್ರದಲ್ಲಾದರೆ ಇಕ್ಕೆಲದ ಜಾಗ ಕಪ್ಪಾಗಿ ವ್ಯರ್ಥವಾಗುತ್ತದೆ. ಗೇಮ್‌ಬಾಯ್ ಅಡ್ವಾನ್ಸ್‌ನ ಚಿತ್ರ ಮಾತ್ರ 3:2. ಅದಕ್ಕೆ ಮೇಲೆ ಕೆಳಗೆ ತೆಳುಪಟ್ಟಿ ಉಳಿಯುತ್ತದೆ, ಅದೇನೂ ದೊಡ್ಡ ತೊಂದರೆಯಲ್ಲ.

ಫೋನೇ ಸಾಲದೇ ಎಂದು ಕೇಳಿದ್ದೀರಿ. ಶಕ್ತಿ ಧಾರಾಳ ಸಾಲುತ್ತದೆ. ಆದರೆ ಗಾಜಿನ ಮೇಲೆ ಹೆಬ್ಬೆರಳಿಗೆ ಗುಂಡಿಯ ಅಂಚು ಸಿಗುವುದಿಲ್ಲ, ಮಾರಿಯೋನ ನೆಗೆತ ತಪ್ಪುವುದು ಅಲ್ಲೇ. ಮುಂದೆ ಪ್ಲೇಸ್ಟೇಷನ್ 2 ಆಡುವ ಆಸೆಯಾದರೆ? ಈ ಎರಡು ಯಂತ್ರಗಳ ಬೆಲೆಯಲ್ಲಿ ಅದು ಆಗದ ಮಾತು. ಅರೆಬರೆ ಓಡಿಸುವ ಯಂತ್ರಕ್ಕೆ ಈಗ ಹೆಚ್ಚು ಕೊಡುವ ಬದಲು ಆ ಹಣ ಉಳಿಸಿಡಿ. ಅನಲಾಗ್ ಕಡ್ಡಿ ಬೇಕೆನ್ನುವ ಮೂರು ಆಯಾಮದ ಆಟಗಳಿದ್ದರೆ ಆನ್‌ಬರ್ನಿಕ್ ಎಚ್ ತೆಗೆದುಕೊಳ್ಳಿ, ಮಿನಿ ಪ್ಲಸ್‌ನಲ್ಲಿ ಕಡ್ಡಿಗಳಿಲ್ಲ. ಜೇಬಿನಲ್ಲಿಟ್ಟು ತಿರುಗಲು ಮಿನಿ ಪ್ಲಸ್ಸೇ ಲೇಸು. ಸಾವಿರಾರು ಆಟ ತುಂಬಿದೆ ಎಂಬ ಜಾಹೀರಾತಿಗೆ ಮರುಳಾಗಬೇಡಿ: ಅವು ಬಹುಪಾಲು ಪರವಾನಗಿಯಿಲ್ಲದ ನಕಲುಗಳು. ಜೊತೆಗೆ ಬರುವ ಅಗ್ಗದ ಮೆಮೊರಿ ಕಾರ್ಡನ್ನೂ ಮೊದಲ ದಿನವೇ ಬದಲಿಸಿ.