ಅಣ್ಣನ ಹಲ್ಲಲ್ಲಿ ಬಿಳಿ ಕಲೆ ಕಂಡರೆ ತಮ್ಮನ ನೀರು ಬದಲಿಸಿ

ಹೊಳಲ್ಕೆರೆ ತಾಲ್ಲೂಕಿನ ತಂದೆತಾಯಂದಿರು, ಅಜ್ಜ-ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಮೇಷ್ಟ್ರುಗಳ ಗಮನಕ್ಕೆ.

ಮಗುವಿನ ಹೊಸ ಹಲ್ಲಿನ ಮೇಲೆ ಬಿಳಿ ಮಚ್ಚೆ ಕಂಡಾಗ ಮನೆಯಲ್ಲಿ ಮೊದಲು ಬರುವ ಮಾತು "ಸರಿಯಾಗಿ ಹಲ್ಲುಜ್ಜಲ್ಲ" ಅನ್ನುವುದು. ಎರಡನೆಯದು "ಕ್ಯಾಲ್ಸಿಯಂ ಕಮ್ಮಿ". ನಮ್ಮ ಕಡೆ ಇವೆರಡಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಮಗು ಹುಟ್ಟಿದಾಗಿನಿಂದ ಯಾವ ಬೋರಿನ ನೀರು ಕುಡಿದಿದೆ? ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅದು ನಮ್ಮ ನೆಲದ ಕಲ್ಲಿನಿಂದಲೇ ನೀರಿಗೆ ಕರಗಿ ಬರುತ್ತದೆ. ಬೋರು ಆಳಕ್ಕಿಳಿದಷ್ಟೂ ನೀರು ಕಲ್ಲಿನ ಸಂದಿನಲ್ಲಿ ಹೆಚ್ಚು ಕಾಲ ನಿಂತಿರುತ್ತದೆ, ಫ್ಲೋರೈಡ್ ಏರುವ ಸಾಧ್ಯತೆಯೂ ಹೆಚ್ಚು.

ಒಂದು ವಿಷಯ ಎಲ್ಲರೂ ತಲೆಯಲ್ಲಿಟ್ಟುಕೊಳ್ಳಿ. ಮೇಲಿನ ಮುಂದಿನ ಶಾಶ್ವತ ಹಲ್ಲು ಹೊರಗೆ ಕಾಣುವುದು ಏಳರ ಆಸುಪಾಸಿನಲ್ಲಿ. ಆದರೆ ಅದರ ಹೊರಪದರವಾದ ಎನಾಮಲ್ ಒಸಡಿನೊಳಗೆ ತಯಾರಾಗುವುದು ಹುಟ್ಟಿದ ಕೆಲವೇ ತಿಂಗಳಿನಿಂದ ನಾಲ್ಕೈದು ವರ್ಷದವರೆಗೆ. ಏಳನೇ ವಯಸ್ಸಿನಲ್ಲಿ ನೀವು ನೋಡುತ್ತಿರುವ ಕಲೆ ಮಗು ಎರಡು-ಮೂರು ವರ್ಷದವನಾಗಿದ್ದಾಗ ಕುಡಿದ ನೀರಿನದು. ಆ ಹಲ್ಲಿನ ಮಟ್ಟಿಗೆ ಕಾಲ ಮೀರಿದೆ. ಮನೆಯಲ್ಲಿ ಅವನಿಗಿಂತ ಚಿಕ್ಕವರಿದ್ದರೆ ನೀರು ಬದಲಿಸಿ ಅವರ ಹಲ್ಲನ್ನು ಈಗಲೂ ಉಳಿಸಬಹುದು. ಅದಕ್ಕಾಗಿಯೇ ಈ ಸೂಚನೆ.

ಮೊದಲು ಮಾಡಬೇಕಾದ್ದು: ಕಲೆ ಯಾವುದೆಂದು ನೋಡಿ

ಹಗಲು ಬೆಳಕಿನಲ್ಲಿ ಮಗುವನ್ನು ಜಗಲಿಯ ಮೇಲೆ ಕೂರಿಸಿ, ತುಟಿ ಎತ್ತಿ, ಶುಚಿಯಾದ ಬಟ್ಟೆಯಿಂದ ಹಲ್ಲಿನ ಎಂಜಲು ಒರೆಸಿ ನೋಡಿ. ಒದ್ದೆ ಹಲ್ಲಿಗಿಂತ ಒಣಗಿದ ಹಲ್ಲಿನಲ್ಲಿ ಕಲೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ಬಾಯಿ ತೆರೆದು ಮಲಗುವ ಮಕ್ಕಳಿಗೆ ಬೆಳಿಗ್ಗೆ ಎದ್ದಾಗ ಕಲೆ ಎದ್ದು ಕಾಣುವುದೂ ಇದರಿಂದಲೇ, ಗಾಬರಿ ಬೇಡ.

ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಲ್ಲಿ, ಅಡ್ಡಡ್ಡ ಗೆರೆಯಾಗಿಯೋ ಮೋಡದಂತೆ ಹರಡಿಯೋ ಬಿಳುಪಿದ್ದರೆ, ಕೆಲವು ಕಡೆ ಅದು ಕಂದಿಗೆ ತಿರುಗಿದ್ದರೆ, ಫ್ಲೋರೈಡ್ ಕಲೆಯೆಂಬ ಅನುಮಾನ ಬಲವಾಗಬೇಕು. ಒಸಡಿನ ಅಂಚಿಗೆ ಅಂಟಿಕೊಂಡಂತೆ, ಪಾಚಿ ಕಟ್ಟುವ ಜಾಗದಲ್ಲೇ, ಹೊಳಪಿಲ್ಲದ ಬಿಳಿ ಗೆರೆ ಇದ್ದರೆ ಅದು ಹುಳುಕಿನ ಮೊದಲ ಹಂತ. ಹಲ್ಲಿಗೆ ತಂತಿ ಹಾಕಿಸಿಕೊಂಡವರಲ್ಲೂ ತಂತಿಯ ಸುತ್ತ ಇಂಥದ್ದು ಬರುತ್ತದೆ. ಒಂದೇ ಹಲ್ಲಿನಲ್ಲಿ ಒಂದೇ ಮಚ್ಚೆಯಾದರೆ, ಹಾಲುಹಲ್ಲಿದ್ದಾಗ ಮಗು ಬಿದ್ದು ಪೆಟ್ಟಾಗಿತ್ತೇ ಎಂದು ನೆನಪಿಸಿಕೊಳ್ಳಿ. ಎಳವೆಯಲ್ಲಿ ಬಂದ ಜೋರು ಜ್ವರ, ಅಪೌಷ್ಟಿಕತೆಯೂ ಗುರುತು ಬಿಡುತ್ತವೆ. ಕೊನೆಯ ತೀರ್ಮಾನ ದಂತವೈದ್ಯರದು. ನೀವೇ ಹೆಸರಿಟ್ಟು ಔಷಧಿ ತರಬೇಡಿ.

"ನಾವೂ ಇದೇ ನೀರು ಕುಡಿಯುತ್ತೇವೆ, ನಮ್ಮ ಹಲ್ಲಿಗೇನಾಗಿದೆ?" ಎಂದು ಯಾರೂ ವಾದಿಸಬಾರದು. ಮಲೆನಾಡಿನಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಇಲ್ಲಿನ ನೀರಿಗೆ ಕಲೆಗಟ್ಟುವುದಿಲ್ಲ, ಅವು ಆಗಲೇ ಬೆಳೆದು ಗಟ್ಟಿಯಾಗಿರುತ್ತವೆ. ಅವಳ ಮಗುವಿನ ಹಲ್ಲು ಮಾತ್ರ ಇಲ್ಲಿನ ನೀರಿನಲ್ಲೇ ರೂಪುಗೊಳ್ಳುತ್ತದೆ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ಫ್ರೆಡೆರಿಕ್ ಮೆಕೇ ಎಂಬ ದಂತವೈದ್ಯ ಇದನ್ನೇ ಗಮನಿಸಿದ್ದ: ಊರಲ್ಲೇ ಬೆಳೆದವರಿಗೆ ಕಲೆ, ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇಲ್ಲ. ಕಾರಣ ಫ್ಲೋರೈಡ್ ಎಂದು ಖಚಿತವಾಗಲು 1931ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ ನೆಲ್ಲೂರಿನ ಕಡೆಯಿಂದ 1937ರಲ್ಲೇ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಈ ತೊಂದರೆ, ವರದಿಯಾಗಿದೆ. ಇಷ್ಟು ಹಳೆಯ ತಿಳಿವಳಿಕೆ ಇಟ್ಟುಕೊಂಡು ಇಂದಿನ ಮಗುವಿನ ಹಲ್ಲು ಕೆಡಲು ಬಿಡುವುದು ಸರಿಯಲ್ಲ.

ನೀರಿನ ವಿಷಯದಲ್ಲಿ

ನೀರು ಪರೀಕ್ಷೆ ಮಾಡಿಸಲೇಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ ಮಾತ್ರ 1.5ರವರೆಗೆ ಸಹಿಸಬಹುದು. ಗ್ರಾಮ ಪಂಚಾಯಿತಿಯಲ್ಲಿರುವ ಪರೀಕ್ಷಾ ಕಿಟ್‌ನಲ್ಲಿ ನಿಮ್ಮ ಕಣ್ಣೆದುರೇ ಮಾಡಿಸಿ: ನೀರಿಗೆ ದ್ರಾವಣದ ಹನಿ ಬಿದ್ದಾಗ ಗುಲಾಬಿ ಬಣ್ಣ ಬರುತ್ತದೆ, ಅದು ಹಳದಿಯ ಕಡೆಗೆ ವಾಲಿದಷ್ಟೂ ಫ್ಲೋರೈಡ್ ಹೆಚ್ಚು. ಬಣ್ಣ ಅನುಮಾನ ಹುಟ್ಟಿಸಿದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿ. ಮಾದರಿಯನ್ನು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲೇ ಒಯ್ಯಿರಿ, ಗಾಜಿನದು ಬೇಡ. ಯಾವ ಬೋರು, ಯಾವ ದಿನ ಎಂದು ಚೀಟಿ ಅಂಟಿಸಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಮಾಡಿಸಿ.

ರುಚಿ ನೋಡಿ ತೀರ್ಮಾನಿಸಬೇಡಿ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅಡಿಕೆ ತೋಟದ ಬೋರಿನದು ಸಿಹಿನೀರು ಎಂದು ಕೊಡ ತುಂಬಿ ಮನೆಗೆ ತರಬೇಡಿ. ಉಪ್ಪಿಲ್ಲದ ಮೆದು ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಟಿಡಿಎಸ್ ಮೀಟರ್ ಕೂಡ ಫ್ಲೋರೈಡ್ ತೋರಿಸುವುದಿಲ್ಲ.

ಕಾಯಿಸಿದರೆ ಹೋಗುತ್ತದೆ ಎಂದು ನಂಬಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಕೊಡದಲ್ಲಿ ಪಟಿಕ ತಿರುಗಿಸುವುದು, ಯಾವುದರಿಂದಲೂ ಪ್ರಯೋಜನವಿಲ್ಲ.

ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವವರು ಒಂದು ತಪ್ಪು ಮಾಡುತ್ತಾರೆ, ಇದನ್ನು ಇಂದೇ ನಿಲ್ಲಿಸಿ: ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಅನ್ನ, ಬೇಳೆ, ಗಂಜಿ, ಅಂಬಲಿ ಎಲ್ಲವೂ ನೀರನ್ನು ಹೀರಿಕೊಂಡೇ ಬೇಯುತ್ತವೆ. ಮುದ್ದೆಗೆ ಎಸರಿಟ್ಟ ನೀರಿನ ಫ್ಲೋರೈಡ್ ಮುದ್ದೆಯಲ್ಲೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಕುಡಿಯುವುದಕ್ಕೂ ಅಡುಗೆಗೂ ಒಂದೇ ಒಳ್ಳೆಯ ನೀರು ಬಳಸಿ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರು ಸಾಕು.

ಘಟಕದ ಆರ್‌ಒ ಮೆಂಬ್ರೇನ್ ಹಳೆಯದಾದರೆ ಫ್ಲೋರೈಡ್ ಸರಿಯಾಗಿ ತೆಗೆಯುವುದಿಲ್ಲ. ಕೊನೆಯ ಬಾರಿ ಯಾವಾಗ ಬದಲಾಯಿಸಿದ್ದು ಎಂದು ನೋಡಿಕೊಳ್ಳುವವರನ್ನು ಕೇಳಿ, ಘಟಕದ ನೀರನ್ನೂ ಪರೀಕ್ಷಿಸಿ. ಯಂತ್ರ ಹೊರಹಾಕುವ ನೀರನ್ನು ದನಕರುಗಳ ತೊಟ್ಟಿಗೆ ಬಿಡಬೇಡಿ, ಫ್ಲೋರೈಡ್ ಅದರಲ್ಲಿ ದಟ್ಟವಾಗಿರುತ್ತದೆ, ಜಾನುವಾರುಗಳಿಗೂ ಈ ತೊಂದರೆ ಇದೆ.

ಕೆರೆ, ಜಲಾಶಯದ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಅಂಥ ಮೂಲದಿಂದ ನಲ್ಲಿ ನೀರು ಬರುವ ಊರಿನವರು ಅದನ್ನೇ ಕುಡಿಯಲು ಹಿಡಿದಿಡಿ. ಅದೇ ಟ್ಯಾಂಕಿಗೆ ಬೋರ್ ನೀರನ್ನೂ ಬಿಡುತ್ತಾರೆಯೇ ಎಂದು ಮಾತ್ರ ನೀರುಗಂಟಿಯನ್ನು ಕೇಳಿ ತಿಳಿದುಕೊಳ್ಳಿ. ಮೊದಲ ಮಳೆ ಹೊರಗೆ ಬಿಟ್ಟು ನಂತರ ಚಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಮುಚ್ಚಿಟ್ಟು, ಕುದಿಸಿ ಬಳಸಿ.

ಎಳೆಯ ಮಕ್ಕಳಿಗೆ

ಆರು ತಿಂಗಳವರೆಗೆ ಎದೆಹಾಲು ಮಾತ್ರ. ತಾಯಿ ಬೋರ್ ನೀರು ಕುಡಿದರೂ ಎದೆಹಾಲಿಗೆ ಬರುವ ಫ್ಲೋರೈಡ್ ಬಹಳ ಕಡಿಮೆ. ಬೋರ್ ನೀರಿನಲ್ಲಿ ಕಲಸಿದ ಪುಡಿಹಾಲು ಮಗುವಿಗೆ ಕೊಡಲೇಬೇಡಿ. ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸಬೇಡಿ, ಒಸಡಿನಂಚಿನ ಬಿಳಿ ಗೆರೆ ಶುರುವಾಗುವುದು ಅಲ್ಲಿಂದಲೇ. ಪುಟ್ಟ ಮಕ್ಕಳಿಗೆ ಟೀ ಬೇಡ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಧಾರಾಳವಾಗಿ ಕೊಡಿ, ಆದರೆ ಇವು ಕೆಟ್ಟ ನೀರಿಗೆ ಬದಲಿ ಎಂದು ತಿಳಿಯಬೇಡಿ.

ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ದೊಡ್ಡವರು ಎದುರಿಗೆ ನಿಂತು ಉಜ್ಜಿಸಿ, ಉಗುಳಿಸಿ. ನೀರಿನ ವರದಿಯಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ವರದಿಯನ್ನೇ ದಂತವೈದ್ಯರಿಗೆ ತೋರಿಸಿ, ಮಗುವಿಗೆ ಯಾವ ಪೇಸ್ಟ್ ಎಂದು ಕೇಳಿ.

ಕಲೆ ತೆಗೆಯಲು ಮಾಡಬಾರದ್ದು

ಒಲೆಬೂದಿ, ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ಅಡುಗೆ ಸೋಡಾ, ನಿಂಬೆರಸ, ಯಾವುದನ್ನೂ ಕಲೆಯ ಮೇಲೆ ತಿಕ್ಕಬೇಡಿ. ಕಲೆ ಎನಾಮಲ್ಲಿನ ಒಳಗಿದೆ. ತಿಕ್ಕಿದರೆ ಸವೆಯುವುದು ಹಲ್ಲು, ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹೊಗೆಸೊಪ್ಪಿನ ಪುಡಿಯಿಂದ ಉಜ್ಜುವುದಂತೂ ಕೂಡದು. ಸಂತೆಯಲ್ಲಿ ಮಾರುವ ಬಿಳುಪಿನ ದ್ರಾವಣ ಹಚ್ಚಿಸಿಕೊಳ್ಳಬೇಡಿ.

ಚಿಕಿತ್ಸೆ ಇದೆ, ಅದು ಕಲೆಯ ಕಾರಣ ಮತ್ತು ಆಳದ ಮೇಲೆ ನಿಂತಿದೆ. ಹುಳುಕಿನ ಮೊದಲ ಹಂತದ ಬಿಳಿ ಕಲೆಗೆ ವೈದ್ಯರು ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ನೀರಿನ ಫ್ಲೋರೈಡಿನಿಂದ ಬಂದ ಕಲೆಗೆ ಅದೇ ಮದ್ದಲ್ಲ, ಅದಕ್ಕೇ ನೀವಾಗಿ ಕೊಳ್ಳಬೇಡಿ ಎಂದದ್ದು. ತೆಳು ಫ್ಲೋರೈಡ್ ಕಲೆಯಿದ್ದರೆ ಮೇಲ್ಪದರವನ್ನು ಅಳತೆಯಿಟ್ಟು ಅತಿ ತೆಳುವಾಗಿ ತೆಗೆಯುವ ಮೈಕ್ರೋಅಬ್ರೇಷನ್, ಎನಾಮಲ್ಲಿನ ಸೂಕ್ಷ್ಮ ರಂಧ್ರಗಳಿಗೆ ರಾಳ ತುಂಬಿ ಬಿಳುಪನ್ನು ಮರೆಮಾಡುವ ವಿಧಾನ, ಕೆಲವರಿಗೆ ಬ್ಲೀಚಿಂಗ್. ಕಂದು ಕಲೆ ಆಳವಾಗಿದ್ದು ಹಲ್ಲು ಗುಳಿಬಿದ್ದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಅಥವಾ ವಿನೀರ್ ಎಂಬ ತೆಳು ಹೊದಿಕೆ. ಬೆಳೆಯುವ ಮಕ್ಕಳಿಗೆ ಕ್ಯಾಪ್ ಹಾಕಿಸಲು ಆತುರಪಡಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ಚಿತ್ರದುರ್ಗದ ಎಸ್‌ಜೆಎಂ ದಂತ ಕಾಲೇಜು, ದಾವಣಗೆರೆಯ ದಂತ ಕಾಲೇಜುಗಳು ಹತ್ತಿರದಲ್ಲೇ ಇವೆ.

ಶಾಲೆಯಲ್ಲಿ ಮತ್ತು ಪಂಚಾಯಿತಿಯಲ್ಲಿ

ಮೇಷ್ಟ್ರೇ, ಮೇಡಂ ಅವರೇ, "ಹಲ್ಲುಜ್ಜದೆ ಬಂದಿದ್ದೀಯಾ" ಎಂದು ತರಗತಿಯಲ್ಲಿ ಆ ಮಗುವನ್ನು ನಿಲ್ಲಿಸಬೇಡಿ. ಎಷ್ಟು ಉಜ್ಜಿದರೂ ಹೋಗದ ಕಲೆಗೆ ಬೈಸಿಕೊಂಡ ಮಗು ನಗುವುದನ್ನೇ ಬಿಡುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದ ದಿನ ಕಲೆಯಿರುವ ಮಕ್ಕಳನ್ನು ತಪ್ಪದೆ ತೋರಿಸಿ. ಒಂದೇ ಬೀದಿಯ ನಾಲ್ಕಾರು ಮಕ್ಕಳಲ್ಲಿ ಕಲೆ ಕಂಡರೆ ಪಟ್ಟಿ ಮಾಡಿ ಪಂಚಾಯಿತಿಗೆ ಬರಹದಲ್ಲಿ ಕೊಡಿ, ಗ್ರಾಮಸಭೆಯ ನಡವಳಿಯಲ್ಲಿ ಬರೆಸಿ. ಇದೇ ನೀರು ವರ್ಷಗಟ್ಟಲೆ ಮುಂದುವರಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ ಎಂಬುದನ್ನು ಸಭೆಯಲ್ಲಿ ಹೇಳಿ. ಫ್ಲೋರೈಡ್ ಮಿತಿ ಮೀರಿದ ಕೈಪಂಪು, ಬೋರಿನ ಮೇಲೆ "ಕುಡಿಯಲು, ಅಡುಗೆಗೆ ಬೇಡ" ಎಂದು ಕೆಂಪು ಬಣ್ಣದಲ್ಲಿ ಬರೆಸಿ. ಹೊಸ ಬೋರು ಕೊರೆದ ದಿನವೇ ನೀರಿನ ಮಾದರಿ ಕಳುಹಿಸಿ, ವರದಿ ಬರುವವರೆಗೆ ಅದನ್ನು ಊರಿನ ಟ್ಯಾಂಕಿಗೆ ಸೇರಿಸಬೇಡಿ. ಬಂದ ವರದಿಯ ನಕಲನ್ನು ಅಂಗನವಾಡಿಯ ಬಾಗಿಲ ಪಕ್ಕ, ತಾಯಂದಿರು ಓದುವಷ್ಟು ಎತ್ತರದಲ್ಲಿ ಅಂಟಿಸಿ.