ಖಾಸಗಿ ಕಿಟಕಿ ಮತ್ತು ಹುಡುಕಾಟದ ಶ್ರೇಯಾಂಕ

ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕಾಣುವ ಫಲಿತಾಂಶವೇ ನಿಷ್ಪಕ್ಷಪಾತವಾದುದು ಎಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಇದು ಪೂರ್ಣಸತ್ಯವಲ್ಲ. ಕಿಟಕಿ ಮುಚ್ಚಿದೊಡನೆ ಹುಡುಕಾಟದ ಇತಿಹಾಸವೂ ಕುಕಿಗಳೂ ಆ ಸಾಧನದಲ್ಲಿ ಉಳಿಯುವುದಿಲ್ಲ, ಅಷ್ಟೆ. ಹುಡುಕಿದ ಪದವು ಸರ್ಚ್ ಎಂಜಿನ್ನಿಗೆ ತಲುಪಿಯೇ ತಲುಪುತ್ತದೆ. ಐಪಿ ವಿಳಾಸದಿಂದ ಸ್ಥಳದ ಅಂದಾಜೂ ಅದಕ್ಕೆ ದೊರೆಯುತ್ತದೆ. ಆದುದರಿಂದ ಒಂದೇ ಪದಕ್ಕೆ ಕಾಸರಗೋಡಿನಲ್ಲಿ ಒಂದು ಕ್ರಮ, ಸೊಲ್ಲಾಪುರದಲ್ಲಿ ಇನ್ನೊಂದು ಕ್ರಮ ಕಾಣಬಹುದು.

ಬಳಕೆದಾರರ ಕ್ಲಿಕ್ಕುಗಳೂ ಕ್ರಮವನ್ನು ಪ್ರಭಾವಿಸುತ್ತವೆ. ಗೂಗಲ್‌ನ 'ನ್ಯಾವ್‌ಬೂಸ್ಟ್' ವ್ಯವಸ್ಥೆಯು 13 ತಿಂಗಳ ಕ್ಲಿಕ್ಕುಗಳನ್ನು ಶ್ರೇಯಾಂಕಕ್ಕೆ ಬಳಸುವುದೆಂದು, 2023ರಲ್ಲಿ ಅಮೆರಿಕದ ಏಕಸ್ವಾಮ್ಯ ವಿರೋಧಿ ಮೊಕದ್ದಮೆಯ ವಿಚಾರಣೆಯಲ್ಲಿ ಆ ಸಂಸ್ಥೆಯ ಪಾಂಡು ನಾಯಕ್ ಸಾಕ್ಷ್ಯ ನುಡಿದರು. ಆದರೆ ಬಹುಜನರು ಒತ್ತಿದ ಕೊಂಡಿಯಲ್ಲಿರುವುದು ಸತ್ಯವೇ ಆಗಿರಬೇಕೆಂದಿಲ್ಲ.

ಚಟುವಟಿಕೆ: ಒಂದೇ ಕನ್ನಡ ಪದವನ್ನು ಎರಡೂ ಬಗೆಯ ಕಿಟಕಿಗಳಲ್ಲಿ ಹುಡುಕಿಸಿ, ಮೊದಲ 5 ಫಲಿತಾಂಶಗಳನ್ನು ಬರೆಯಿಸುವುದು. ಬಳಿಕ ಅವುಗಳನ್ನು ಪಠ್ಯಪುಸ್ತಕದೊಡನೆ ಹೋಲಿಸಿ ಚರ್ಚಿಸುವುದು.